ನ್ಯಾರೋಬೋಟ್ ಕಟ್ಟಿದ ಸಣ್ಣ ಯಾರ್ಡುಗಳು: ಯಾರಿಗೆ ಒಳ್ಳೆ ಹೆಸರು, ಯಾರಿಗೆ ಕೆಟ್ಟ ಹೆಸರು, ಯಾಕೆ?

ಕಾಲುವೆದಾರಿ:
ಇಂಗ್ಲೆಂಡಿನ ಕಾಲುವೆ ದಂಡೆಯಲ್ಲಿ ಯಾರ ಜೊತೆ ಮಾತಿಗೆ ನಿಂತರೂ ಬೇಗನೇ ಒಂದು ಪ್ರಶ್ನೆ ಬರುತ್ತದೆ: "ನಿಮ್ಮ ಬೋಟ್ ಕಟ್ಟಿದ್ದು ಯಾರು?" ನಮ್ಮೂರಲ್ಲಿ ಹೊಸ ಮನೆ ನೋಡಲು ಬಂದವರು ಮೇಸ್ತ್ರಿ ಯಾರು ಅಂತ ಕೇಳುವ ಹಾಗೆ. ಉತ್ತರ ಸಿಕ್ಕ ಕೂಡಲೇ ತೀರ್ಪೂ ಸಿಗುತ್ತದೆ. ಈ ಹೆಸರು ಬಂದರೆ "ವಾ", ಆ ಹೆಸರು ಬಂದರೆ "ಓಹೋ, ಸರಿ ಸರಿ".

ಈ ತೀರ್ಪುಗಳು ಎಲ್ಲಿಂದ ಬಂದವು ಅಂತ ಕನ್ನಡದಲ್ಲಿ ಒಮ್ಮೆ ಮಾತಾಡೋಣ ಅನ್ನಿಸಿತು. ಬ್ರಿಟನ್ನಿನಲ್ಲಿರುವ ನಮ್ಮ ಜನರೂ ಈಗ ರಜೆಗೆ ಬೋಟ್ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ, ಕೆಲವರು ಕೊಳ್ಳುವ ಯೋಚನೆಯಲ್ಲೂ ಇದ್ದಾರೆ.

ಹೊಸಬರಿಗೆ ಎರಡು ಮಾತು. ನ್ಯಾರೋಬೋಟ್ ಅಂದರೆ ಕಾಲುವೆಯಲ್ಲಿ ಓಡುವ ಉದ್ದನೆಯ, ಕಿರಿದಾದ ಬೋಟ್. ಅದು ಇಷ್ಟು ಕಿರಿದಾಗಿರಲು ಲಾಕುಗಳೇ ಕಾರಣ, ಅಂದರೆ ನೀರಿನ ಮಟ್ಟ ಏರಿಸಿ ಇಳಿಸಿ ಬೋಟ್ ದಾಟಿಸುವ ಬಾಗಿಲಿನ ಕಟ್ಟೆಗಳು. ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಟ್ರೆಂಟ್ ಅಂಡ್ ಮರ್ಸಿ ಕಾಲುವೆಯಲ್ಲಿ ಸುಮಾರು 7 ಅಡಿ ಅಗಲ, 72 ಅಡಿ ಉದ್ದದ ಲಾಕುಗಳನ್ನು ಹಾಕಿದ. ಹೇರ್‌ಕಾಸಲ್ ಸುರಂಗ ಕೊರೆಯುವುದೇ ಅಷ್ಟು ಕಷ್ಟವಾಗಿದ್ದರಿಂದ ಇನ್ನೂ ಅಗಲ ಬೇಡ ಅನ್ನಿಸಿತು. ಕಾಲುವೆ ಕೆಲಸ 1766ರಲ್ಲಿ ಶುರುವಾಗಿ ಮುಗಿದದ್ದು 1777ರಲ್ಲಿ. ಅಷ್ಟರಲ್ಲಿ ಬ್ರಿಂಡ್ಲಿ ತೀರಿಕೊಂಡಿದ್ದ. ಆದರೆ ಆ ಅಳತೆ ಮಿಡ್‌ಲ್ಯಾಂಡ್ಸ್ ತುಂಬಾ ಹಬ್ಬಿತು. ಆಮೇಲೆ ಬಂದ ಬೋಟ್ ಕಟ್ಟುವವರೆಲ್ಲ ಆ 7 ಅಡಿಯೊಳಗೇ ತಮ್ಮ ಕೈಚಳಕ ತೋರಿಸಬೇಕಾಯಿತು. ಅಗಲ ಎಲ್ಲರಿಗೂ ಒಂದೇ. ಹಾಗಿದ್ದರೂ ಒಬ್ಬರ ಬೋಟ್ ನೀರಲ್ಲಿ ಜಾರಿಕೊಂಡು ಹೋಗುತ್ತದೆ, ಇನ್ನೊಬ್ಬರದು ನೀರನ್ನು ನೂಕಿಕೊಂಡು ಹೋಗುತ್ತದೆ. ಹೆಸರು ಹುಟ್ಟುವುದು ಈ ವ್ಯತ್ಯಾಸದಲ್ಲಿ.

ಹಳೇಮರ:
ಒಳ್ಳೆ ವಿಷಯ ಎತ್ತಿದ್ದೀರಿ. ನಾನು ಮರದ ಕಾಲದ ಬಗ್ಗೆ ಬರೆಯುತ್ತೇನೆ, ನನಗೆ ಪ್ರೀತಿ ಇರುವುದೇ ಅದರ ಮೇಲೆ.

ಮರದ ಬೋಟಿನ ಯಾರ್ಡು ಅಂದರೆ ದೊಡ್ಡದೇನಲ್ಲ. ಒಂದು ಡ್ರೈ ಡಾಕ್ (ನೀರು ಖಾಲಿ ಮಾಡಿ ಬೋಟಿನ ತಳದ ಕೆಲಸ ಮಾಡುವ ಗುಂಡಿ), ಒಂದು ಶೆಡ್, ಹಲಗೆ ಬಗ್ಗಿಸಲು ಹಬೆ ಪೆಟ್ಟಿಗೆ, ಒಂದು ಕುಲುಮೆ, ಅಪ್ಪ, ಮಕ್ಕಳು, ಇಬ್ಬರು ಮೂವರು ಆಳು. ಪಕ್ಕಕ್ಕೆ ಓಕ್, ತಳಕ್ಕೆ ಎಲ್ಮ್. ಸಂದುಗಳಿಗೆ ನಾರು ಬಡಿದು, ಅದರ ಮೇಲೆ ಚಾಲಿಕೋ ಎನ್ನುವ ಲೇಪ ಹಚ್ಚುತ್ತಿದ್ದರು. ಬಿಸಿ ಡಾಂಬರು, ಕುದುರೆ ಲದ್ದಿ, ದನದ ಕೂದಲು ಕಲಸಿದ ಲೇಪ ಅದು. ಕುದುರೆ ಎಳೆಯುತ್ತಿದ್ದ ಕಾಲದಲ್ಲಿ ಲದ್ದಿಗೇನು ಬರ ಇರಲಿಲ್ಲ ಬಿಡಿ.

ಬ್ರೌನ್‌ಸ್ಟನ್‌ನ ನರ್ಸರ್ ಕುಟುಂಬದ ಯಾರ್ಡ್ ಹೆಸರು ಇವತ್ತಿಗೂ ಗೌರವದಿಂದ ಕೇಳಿಬರುತ್ತದೆ. ಎರಡು ಕಾರಣ. ಒಂದು, ಅವರ ಬೋಟಿನ ಮೈ. ಇನ್ನೊಂದು, ಫ್ರ್ಯಾಂಕ್ ನರ್ಸರ್ ಕುಂಚ. ಗುಲಾಬಿ ಮತ್ತು ಕೋಟೆಗಳ ಆ ಚಿತ್ರಗಾರಿಕೆ ಎಲ್ಲ ಯಾರ್ಡಿನಲ್ಲೂ ಇತ್ತು, ಆದರೆ ಒಂದೊಂದು ಯಾರ್ಡಿಗೆ ಒಂದೊಂದು ಕೈ. ತಿಳಿದವರು ಬಾಗಿಲ ಮೇಲಿನ ಗುಲಾಬಿ ನೋಡಿಯೇ ಇದು ಬ್ರೌನ್‌ಸ್ಟನ್, ಇದು ಪೋಲ್ಸ್‌ವರ್ತ್‌ನ ಲೀಸ್ ಅಂಡ್ ಆಟ್ಕಿನ್ಸ್ ಅಂತ ಹೇಳುತ್ತಾರೆ.

1941ರಲ್ಲಿ ಸ್ಯಾಮ್ಯುಯೆಲ್ ಬಾರ್ಲೋ ಕಲ್ಲಿದ್ದಲು ಕಂಪನಿ ನರ್ಸರ್ ಯಾರ್ಡನ್ನು ಕೊಂಡುಕೊಂಡಿತು. ಅಲ್ಲೇ 1958ರಲ್ಲಿ 'ರೇಮಂಡ್' ಕಟ್ಟಿದರು. ಸರಕು ಸಾಗಣೆಗೆಂದು ಕಟ್ಟಿದ ಎಂಜಿನ್ ಇಲ್ಲದ ಮರದ ನ್ಯಾರೋಬೋಟ್‌ಗಳಲ್ಲಿ ಕೊನೆಯದು ಅದು. ಬ್ರೇ ಕುಟುಂಬ ಅದರಲ್ಲಿ ಕಲ್ಲಿದ್ದಲು ಹೊತ್ತುಕೊಂಡು ಸೌತಾಲ್‌ನ ಜ್ಯಾಮ್ ಕಾರ್ಖಾನೆಗೆ ಹೋಗುತ್ತಿತ್ತು. 1970ರ ಅಕ್ಟೋಬರ್‌ನಲ್ಲಿ ಆ ಓಡಾಟ ನಿಂತಿತು. ಮರ ಕೊಳೆತ ಮೇಲೆ ಸ್ವಯಂಸೇವಕರು ರೇಮಂಡನ್ನು ಮತ್ತೆ ಕಟ್ಟಿದ್ದಾರೆ. ಜೂನ್‌ನಲ್ಲಿ ಬ್ರೌನ್‌ಸ್ಟನ್‌ನ ಹಳೆ ಬೋಟ್‌ಗಳ ಮೇಳಕ್ಕೆ ಹೋದರೆ ನೋಡಬಹುದು.

ಕುಂದಾಪ್ರದವ:
ನಮ್ಮ ಕಡೆ ಮರದ ದೋಣಿಗೆ ಮೀನೆಣ್ಣೆ ಬಳಿಯುವುದು ನೋಡಿದ್ದೇನೆ. ಲದ್ದಿ ಕೇಳಿದ್ದು ಇದೇ ಮೊದಲು! ಒಂದು ಪ್ರಶ್ನೆ. ತಳಕ್ಕೆ ಎಲ್ಮ್ ಯಾಕೆ? ಓಕ್ ಇನ್ನೂ ಗಟ್ಟಿ ಅಲ್ವಾ?

ಹಳೇಮರ:
@ಕುಂದಾಪ್ರದವ ಎಲ್ಮ್ ಸದಾ ನೀರಲ್ಲೇ ಇದ್ದರೆ ಬಹಳ ಕಾಲ ಬಾಳುತ್ತದೆ. ಒಮ್ಮೆ ಒದ್ದೆ ಒಮ್ಮೆ ಒಣ ಅಂತಾದರೆ ಬೇಗ ಕೊಳೆಯುತ್ತದೆ. ತಳ ಯಾವತ್ತೂ ನೀರಲ್ಲೇ ಇರುತ್ತದಲ್ಲ, ಅದಕ್ಕೇ. ಆ ಹಲಗೆಗಳನ್ನು ಉದ್ದಕ್ಕೆ ಹಾಕದೆ ಅಡ್ಡಕ್ಕೆ ಹಾಕುತ್ತಿದ್ದರು. ಕಾಲುವೆ ತಳಕ್ಕೆ ಉಜ್ಜಿ ಒಂದು ಹಲಗೆ ಸವೆದರೆ ಅದೊಂದನ್ನೇ ತೆಗೆದು ಹೊಸದು ಕೂರಿಸಬಹುದು.

ಮರದ ಮೈ ವಯಸ್ಸಾದಂತೆ ಹೊರಕ್ಕೆ ಉಬ್ಬುತ್ತದೆ, ಅದೊಂದು ಕಾಟ. 7 ಅಡಿ ಲಾಕಿನಲ್ಲಿ ಎರಡು ಇಂಚು ಉಬ್ಬಿದರೂ ಸಿಕ್ಕಿಹಾಕಿಕೊಂಡ ಹಾಗೇ. ಅದಕ್ಕೆ ಎರಡು ಪಕ್ಕಗಳನ್ನು ಹಿಡಿದಿಡಲು ಸರಕಿನ ಜಾಗದಲ್ಲಿ ಅಡ್ಡಡ್ಡ ಸರಪಳಿ ಇರುತ್ತಿತ್ತು. ಒಳ್ಳೆ ಯಾರ್ಡಿನ ಬೋಟ್ ತಡವಾಗಿ ಉಬ್ಬುತ್ತಿತ್ತು. ಹೆಸರು ಬರುತ್ತಿದ್ದದ್ದು ಹೀಗೆ, ಜಾಹೀರಾತಿನಿಂದ ಅಲ್ಲ.

ಇನ್ನೊಂದು ಮಾತು. ಆಕ್ಸ್‌ಫರ್ಡ್ ಕಾಲುವೆಯಲ್ಲಿ 'ನಂಬರ್ ಒನ್' ಅಂತ ಕರೆಯುತ್ತಿದ್ದ ಜನ ಇದ್ದರು. ಸ್ವಂತ ಬೋಟ್ ಇಟ್ಟುಕೊಂಡ ಬೋಟಿನವರು. ಕಂಪನಿ ಕೊಟ್ಟ ಬೋಟ್ ಓಡಿಸುವವನಿಗೆ ಆಯ್ಕೆ ಇಲ್ಲ. ಇವರು ಮಾತ್ರ ತಮ್ಮ ದುಡ್ಡು ಹಾಕಿ, ಯಾರ್ಡ್ ಆರಿಸಿ ಕಟ್ಟಿಸುತ್ತಿದ್ದರು. ಜೋ ಸ್ಕಿನ್ನರ್ ಅವರ 'ಫ್ರೆಂಡ್‌ಶಿಪ್' ಕಾವೆಂಟ್ರಿ ಹತ್ತಿರದ ಸೆಫ್ಟನ್ ಯಾರ್ಡಿನದು, ಈಗ ಎಲ್ಸ್‌ಮಿಯರ್ ಪೋರ್ಟ್ ಮ್ಯೂಸಿಯಂನಲ್ಲಿದೆ. ಸೆಫ್ಟನ್ ಹೆಸರು ಹೊರಗಿನವರಿಗೆ ಗೊತ್ತೇ ಇಲ್ಲ. ನನ್ನ ಮಟ್ಟಿಗೆ ನಂಬರ್ ಒನ್‌ಗಳು ಆರಿಸಿದ ಯಾರ್ಡೇ ನಿಜವಾದ ಒಳ್ಳೆ ಯಾರ್ಡ್.

ದಂಡೆಮೇಲೆ:
ಬ್ಯಾನ್‌ಬರಿಯ ಟೂಲಿ ಯಾರ್ಡ್ ಬಿಟ್ಟುಬಿಟ್ಟಿರಿ! 1790ರಿಂದ ಇರುವ ಡಾಕ್ ಅದು. ಲೇಖಕ ಟಾಮ್ ರೋಲ್ಟ್ 1939ರಲ್ಲಿ ತನ್ನ 'ಕ್ರೆಸ್ಸಿ' ಬೋಟನ್ನು ವಾಸಕ್ಕೆ ಸಜ್ಜು ಮಾಡಿಸಿಕೊಂಡದ್ದು ಅಲ್ಲೇ. ಆ ಪ್ರಯಾಣದ ಬಗ್ಗೆ ಆತ ಬರೆದ ಪುಸ್ತಕ 1944ರಲ್ಲಿ ಬಂತು. 1946ರಲ್ಲಿ ಆತ ಮತ್ತು ರಾಬರ್ಟ್ ಐಕ್‌ಮನ್ ಸೇರಿ ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಷನ್ ಶುರು ಮಾಡಿದರು. ಇವತ್ತು ಇಷ್ಟು ಕಾಲುವೆ ಉಳಿದಿದ್ದರೆ ಆ ಸಂಘದ ಪಾಲು ದೊಡ್ಡದು. ಈಗ ಡಾಕ್ ಸುತ್ತ ಶಾಪಿಂಗ್ ಸೆಂಟರ್ ಎದ್ದಿದೆ, ಆದರೂ ಡಾಕ್ ಉಳಿದಿದೆ, ಕೆಲಸವೂ ನಡೆಯುತ್ತದೆ.

ಟೂಲಿಯವರು ಹೆಸರು ಮಾಡಿದ್ದು ಹೊಸ ಬೋಟ್ ಕಟ್ಟಿ ಅಲ್ಲ ಅಂತ ನನ್ನ ಅಭಿಪ್ರಾಯ. ರಿಪೇರಿಯಿಂದ. ಬಡ ಬೋಟಿನವರ ಬೋಟನ್ನು ಇನ್ನೂ ಕೆಲವು ವರ್ಷ ತೇಲಿಸುವುದು ಸಣ್ಣ ಕೆಲಸ ಅಲ್ಲ.

ವೂಲಿಚ್_ಅಭಿಮಾನಿ:
ಮರದ ಮಾತು ಸರಿ. ಆದರೆ ಹಳೆ ಬೋಟ್ ಮಾರುಕಟ್ಟೆಯಲ್ಲಿ ಇವತ್ತು ಜಾಸ್ತಿ ಕೇಳಿಬರುವ ಹೆಸರುಗಳು 1930ರ ದಶಕದವು. ಗ್ರ್ಯಾಂಡ್ ಯೂನಿಯನ್ ಸಾಗಣೆ ಕಂಪನಿ ಆಗ ಒಟ್ಟೊಟ್ಟಿಗೆ ದೊಡ್ಡ ಆರ್ಡರ್ ಕೊಟ್ಟಿತು. ಕೆಲವು ವೂಲಿಚ್‌ನ ಹಾರ್ಲಂಡ್ ಅಂಡ್ ವುಲ್ಫ್‌ಗೆ, ಕೆಲವು ನಾರ್ತ್‌ವಿಚ್‌ನ ಯಾರ್‌ವುಡ್‌ಗೆ, ಮರದವು ರಿಕ್‌ಮನ್ಸ್‌ವರ್ತ್‌ನ ವಾಕರ್ ಸಹೋದರರಿಗೆ. ಹೌದು, ಅದೇ ಹಾರ್ಲಂಡ್ ಅಂಡ್ ವುಲ್ಫ್. ಬೆಲ್‌ಫಾಸ್ಟ್‌ನಲ್ಲಿ ಟೈಟಾನಿಕ್ ಕಟ್ಟಿದ ಕಂಪನಿ. ಸಣ್ಣ ಬೋಟ್‌ಗಳಿಗೆ ನಕ್ಷತ್ರಗಳ ಹೆಸರು, ದೊಡ್ಡವಕ್ಕೆ ಊರುಗಳ ಹೆಸರು. ಹಾಗಾಗಿ 'ದೊಡ್ಡ ವೂಲಿಚ್', 'ಸಣ್ಣ ನಾರ್ತ್‌ವಿಚ್', 'ರಿಕಿ' ಅಂತ ಇಂದಿಗೂ ಹೇಳುತ್ತಾರೆ.

ಅವುಗಳ ಬಾಳಿಕೆ ನೋಡಿ. 80 ವರ್ಷ ದಾಟಿದ ಮೇಲೂ ಎಷ್ಟೋ ಓಡುತ್ತಿವೆ. ತಳ ಹೊಸದಾಗಿರಬಹುದು, ಎಂಜಿನ್ ಬೇರೆಯಾಗಿರಬಹುದು, ಮೈ ಅದೇ.

ಹಳೇಮರ:
@ವೂಲಿಚ್_ಅಭಿಮಾನಿ ಒಪ್ಪುತ್ತೇನೆ, ಒಂದು ತಕರಾರಿನ ಜೊತೆ. ಉಳಿದದ್ದಕ್ಕೇ ಹೆಸರು ಸಿಗುತ್ತಿದೆ. ಕಬ್ಬಿಣ ಉಳಿಯಿತು, ಮರ ಹೋಯಿತು. ಹಾಗಂತ ಮರ ಕಟ್ಟಿದವರ ಕೈ ಕಡಿಮೆಯಾಗಿತ್ತು ಅಂತಲ್ಲ. ಟ್ರಿಂಗ್ ಹತ್ತಿರದ ಬುಶೆಲ್ ಸಹೋದರರ ಬಗ್ಗೆ ಎಷ್ಟು ಜನ ಮಾತಾಡುತ್ತಾರೆ? ವೆಂಡೋವರ್ ಕವಲಿನ ಗ್ಯಾಮ್ನೆಲ್ ಕಟ್ಟೆಯಲ್ಲಿ ಕುಳಿತು ಎಂಥ ಕೆಲಸ ಮಾಡಿದರು! 1948ರಲ್ಲಿ ಕಾಲುವೆಗಳು ಸರ್ಕಾರದ ಕೈಗೆ ಹೋದವು. 1962–63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ, ಉಳಿದಿದ್ದ ಸರಕೂ ಲಾರಿಗೆ ಹೋಯಿತು. ಬೋಟ್ ಬೇಕಾದವರೇ ಇಲ್ಲದ ಮೇಲೆ ಯಾರ್ಡಿಗೆ ಏನು ಕೆಲಸ?

ಜೋಶರ್:
ನನ್ನ ಹೆಸರೇ ಹೇಳುತ್ತದೆ ನಾನು ಯಾರ ಪಕ್ಷ ಅಂತ. ಜೋಶರ್ ಅಂದರೆ ಫೆಲೋಸ್, ಮಾರ್ಟನ್ ಅಂಡ್ ಕ್ಲೇಟನ್ ಕಂಪನಿಯ ಬೋಟ್. ಆ ಕಂಪನಿ ಬರ್ಮಿಂಗ್‌ಹ್ಯಾಮ್‌ನ ಸಾಲ್ಟ್ಲಿಯಲ್ಲಿ ತನ್ನದೇ ಡಾಕ್ ಇಟ್ಟಿತ್ತು. ರಿವೆಟ್ ಬಡಿದ ಕಬ್ಬಿಣದ ಪಕ್ಕ, ಎಲ್ಮ್ ತಳ. ಮುಂಭಾಗದ ಆ ತಿರುವು ಇದೆಯಲ್ಲ, ಅದನ್ನು ಮೀರಿಸಿದ್ದು ನಾನು ಕಂಡಿಲ್ಲ. 1909ರ ಹಬೆ ಬೋಟ್ 'ಪ್ರೆಸಿಡೆಂಟ್' ಅಲ್ಲಿಯದೇ. ಇವತ್ತಿನ ಎಷ್ಟೋ ಸಣ್ಣ ಯಾರ್ಡುಗಳು "ಜೋಶರ್ ಮೂತಿ" ಅಂತ ಅದನ್ನೇ ನಕಲು ಮಾಡುತ್ತವೆ. ಕೆಲವರು ವೆಲ್ಡ್ ಮಾಡಿದ ತಗಡಿನ ಮೇಲೆ ಶೋಕಿಗೆ ರಿವೆಟ್ ತಲೆಗಳನ್ನೂ ಅಂಟಿಸುತ್ತಾರೆ. ನನಗೆ ಅದು ಇಷ್ಟ ಇಲ್ಲ. ತಿರುವು ಸರಿಯಾಗಿ ಬಂದಿದ್ದರೆ ರಿವೆಟ್ ಬೇಡ, ಬಂದಿಲ್ಲದಿದ್ದರೆ ರಿವೆಟ್ ಹಾಕಿ ಪ್ರಯೋಜನ ಇಲ್ಲ.

ಕೀನ್ಸ್_ಮಲ್ಲಿಗೆ:
ಎಲ್ಲ ಆಸಕ್ತಿಯಿಂದ ಓದಿದೆ. ನನ್ನ ಪ್ರಶ್ನೆ ಸ್ವಲ್ಪ ಕೆಳಮಟ್ಟದ್ದು, ಬೆಲೆಯ ಲೆಕ್ಕದಲ್ಲಿ. ನಾವಿಬ್ಬರು 1980ರ ದಶಕದ ಒಂದು ಸ್ಪ್ರಿಂಗರ್, ಅಂದರೆ ಸ್ಪ್ರಿಂಗರ್ ಕಾರ್ಖಾನೆಯ ಬೋಟ್, ನೋಡಿದ್ದೇವೆ. ಒಳಗೆ ಚೆನ್ನಾಗಿಟ್ಟಿದ್ದಾರೆ. ಕೇಳಿದವರೆಲ್ಲ "ಸ್ಪ್ರಿಂಗರ್ ಬೇಡ, ಹಳೆ ಗ್ಯಾಸ್ ಟ್ಯಾಂಕ್ ತಗಡು" ಅನ್ನುತ್ತಾರೆ. ನಿಜವಾ?

ವೆಲ್ಡರ್_ಶಿವಮೊಗ್ಗ:
@ಕೀನ್ಸ್_ಮಲ್ಲಿಗೆ ಕೆಳಮಟ್ಟದ್ದು ಅನ್ನಬೇಡಿ. ಈ ಇಡೀ ಚರ್ಚೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದೇ ನಿಮ್ಮ ಪ್ರಶ್ನೆ. ತಗಡು, ವೆಲ್ಡಿಂಗ್ ನನ್ನ ಅನ್ನ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಗ್ಯಾಸ್ ಟ್ಯಾಂಕ್ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದು ನಿಮ್ಮ ಬೋಟಿಗೆ ಅನ್ವಯಿಸುತ್ತದೆ ಅಂತ ತೋರಿಸುವ ಕಾಗದ ಯಾರ ಹತ್ತಿರವೂ ಇರುವುದಿಲ್ಲ. ಅದನ್ನು ಪಕ್ಕಕ್ಕಿಡಿ. ಗೊತ್ತಿರುವುದನ್ನು ನೋಡೋಣ. ಸ್ಯಾಮ್ ಸ್ಪ್ರಿಂಗರ್ ಅವರ ಕಾರ್ಖಾನೆ ಲೆಸ್ಟರ್‌ಶೈರಿನ ಮಾರ್ಕೆಟ್ ಹಾರ್ಬರೋದಲ್ಲಿತ್ತು. 1970, 80ರ ದಶಕಗಳಲ್ಲಿ ರಾಶಿ ರಾಶಿ ಬೋಟ್ ಹೊರಬಂದವು. ಹೆಚ್ಚಿನವಕ್ಕೆ ತಳ ಚಪ್ಪಟೆ ಅಲ್ಲ, ಇಂಗ್ಲಿಷ್ 'ವಿ' ಆಕಾರ. ತಗಡು ತೆಳು. ಬೆಲೆ ಕಮ್ಮಿ. ಅದಕ್ಕೂ ಮೊದಲು ಸಾಮಾನ್ಯ ಸಂಬಳದವರಿಗೆ ಹೊಸ ಸ್ಟೀಲ್ ಬೋಟ್ ಕನಸಿನ ಮಾತಾಗಿತ್ತು. ಶಾಲೆ ಮೇಷ್ಟ್ರು, ಬಸ್ ಡ್ರೈವರ್ ಕೂಡ ಬೋಟ್ ಇಟ್ಟುಕೊಳ್ಳುವ ಹಾಗೆ ಮಾಡಿದವರಲ್ಲಿ ಸ್ಪ್ರಿಂಗರ್ ಮುಂದಿನ ಸಾಲಿನವರು. ಇದನ್ನು ಯಾರೂ ಹೇಳುವುದಿಲ್ಲ. ನನಗೆ ಅದು ಅನ್ಯಾಯ ಅನ್ನಿಸುತ್ತದೆ.

ಈಗ ತಗಡಿನ ಲೆಕ್ಕ. ಬೋಟಿನವರು 10/6/4 ಅಂತೆಲ್ಲ ಹೇಳುವುದು ಕೇಳಿರುತ್ತೀರಿ. ತಳ 10 ಮಿ.ಮೀ., ಪಕ್ಕ 6, ಕ್ಯಾಬಿನ್ 4 ಅಂತ ಅರ್ಥ. ಇದು ಇವತ್ತಿನ ವಾಡಿಕೆ. 1970ರ ದಶಕದಲ್ಲಿ ಒಳ್ಳೆ ಯಾರ್ಡುಗಳೂ ತಳಕ್ಕೆ 6 ಮಿ.ಮೀ. ಹಾಕುತ್ತಿದ್ದವು. ಹಾಗಾಗಿ ಹಳೆ ಬೋಟನ್ನು ಇವತ್ತಿನ ಅಳತೆಗೋಲಿನಲ್ಲಿ ಅಳೆಯಬೇಡಿ. 10 ಮಿ.ಮೀ. ತಳ ಹಾಕುವುದಕ್ಕೆ ಬಾಳಿಕೆಯ ಜೊತೆ ಭಾರವೂ ಕಾರಣ. ಬೋಟ್ ಸ್ಥಿರವಾಗಿ ನಿಲ್ಲಲು ಹೇಗೂ ಭಾರ ಬೇಕು.

ದಪ್ಪಕ್ಕಿಂತ ನಾನು ಮೊದಲು ನೋಡುವುದು ಸ್ವಿಮ್. ಹಿಂಭಾಗದಲ್ಲಿ ನೀರಿನ ಕೆಳಗೆ ಮೈ ಕಿರಿದಾಗುತ್ತಾ ಪ್ರೊಪೆಲ್ಲರ್ ಕಡೆ ಹೋಗುತ್ತದಲ್ಲ, ಆ ಭಾಗ. ಅದು ಉದ್ದವಾಗಿದ್ದರೆ ನೀರು ಸಲೀಸಾಗಿ ಪ್ರೊಪೆಲ್ಲರ್ ತಲುಪುತ್ತದೆ, ಬೋಟ್ ಹೇಳಿದ ಮಾತು ಕೇಳುತ್ತದೆ. ಗಿಡ್ಡವಾಗಿದ್ದರೆ ಕಟ್ಟುವುದು ಸುಲಭ, ಖರ್ಚೂ ಕಮ್ಮಿ. ಆದರೆ ಹಿಂದೆ ಅಲೆ ಏಳುತ್ತದೆ, ತಿರುಗಿಸುವುದು ಕಷ್ಟ, ಡೀಸೆಲ್ ಜಾಸ್ತಿ ಹೋಗುತ್ತದೆ. ಬೋಟ್ ನೀರಲ್ಲಿದ್ದಾಗ ಇದು ಕಾಣುವುದೇ ಇಲ್ಲ! ಹೆಸರಾಂತ ಸಣ್ಣ ಯಾರ್ಡುಗಳು ಹೆಸರು ಗಳಿಸಿದ್ದು ಬಹುಪಾಲು ಇಂಥ ಕಾಣದ ಜಾಗದ ಕೆಲಸದಿಂದ.

ಇನ್ನು ನಿಮ್ಮ ಬೋಟ್. ಅದನ್ನು ನೀರಿಂದ ಮೇಲೆತ್ತಿಸಿ, ಅಲ್ಟ್ರಾಸಾನಿಕ್ ದಪ್ಪ ಪರೀಕ್ಷೆ ಮಾಡಿಸಿ. ಸರ್ವೇಯರ್ ನೀವು ಗೊತ್ತು ಮಾಡಿದವರೇ ಆಗಿರಲಿ, ಮಾರುವವರು ಕೊಟ್ಟ ಹಳೆ ವರದಿ ನಂಬಬೇಡಿ. 40 ವರ್ಷದ ಬೋಟಿನಲ್ಲಿ ಕಟ್ಟಿದವರ ಪಾಲಿಗಿಂತ ಇಟ್ಟುಕೊಂಡವರ ಪಾಲೇ ಜಾಸ್ತಿ. ಎರಡು ಮೂರು ವರ್ಷಕ್ಕೊಮ್ಮೆ ಬ್ಲ್ಯಾಕಿಂಗ್ (ಮೈಗೆ ಕಪ್ಪು ರಕ್ಷಣಾ ಲೇಪ) ಆಗಿದೆಯಾ? ಸಿಹಿನೀರಿಗೆ ಬೇಕಾದ ಮೆಗ್ನೀಸಿಯಂ ಆನೋಡ್ (ಮೈಯ ಬದಲು ತಾನು ಸವೆಯುವ ಲೋಹದ ತುಂಡು) ಇದೆಯಾ? ದಂಡೆಯ ಕರೆಂಟಿಗೆ ಸದಾ ಸಿಕ್ಕಿಸಿಟ್ಟ ಬೋಟಾದರೆ ಗ್ಯಾಲ್ವನಿಕ್ ಐಸೊಲೇಟರ್ (ದಂಡೆಯ ತಂತಿಯ ಮೂಲಕ ಮೈ ಸವೆಸುವ ಕರೆಂಟ್ ತಡೆಯುವ ಸಾಧನ) ಇತ್ತಾ? ಇವನ್ನು ಕೇಳಿ.

ತೂಕದಮಾತು:
ವೆಲ್ಡರ್ ಅವರೇ, ನಿಮ್ಮ ಮಾತಲ್ಲಿ ತುಂಬಾ ನಿಜ ಇದೆ. ಆದರೆ ತೆಳು ತೆಳುವೇ. 6 ಮಿ.ಮೀ.ನಲ್ಲಿ 2 ತುಕ್ಕು ತಿಂದರೆ 4 ಉಳಿಯುತ್ತದೆ, ವಿಮೆ ಕಂಪನಿಗಳು ಸಾಮಾನ್ಯವಾಗಿ ಕೇಳುವುದು ಅಷ್ಟೇ. ಶುರುವಿನಲ್ಲೇ ತೆಳುವಾಗಿದ್ದರೆ? ಆಮೇಲೆ ಮೇಲೊಂದು ತಗಡು ಹೊದಿಸಬೇಕು. ಅದಕ್ಕೆ ಸಾವಿರಾರು ಪೌಂಡ್. ಬೋಟಿನ ಭಾರವೂ ಹೆಚ್ಚಿ, ಮೈ ನೀರಲ್ಲಿ ಇನ್ನಷ್ಟು ಇಳಿಯುತ್ತದೆ. ಬಡವರಿಗೆ ಅಗ್ಗದ ಬೋಟ್ ಕೊಟ್ಟರು ಸರಿ, ಆ ಖರ್ಚು ಮೂರನೇ ನಾಲ್ಕನೇ ಮಾಲೀಕರ ತಲೆಗೆ ಬಂತಲ್ಲ. ಅವರೂ ಬಡವರೇ.

ವೆಲ್ಡರ್_ಶಿವಮೊಗ್ಗ:
@ತೂಕದಮಾತು ಅದು ಗಟ್ಟಿ ಮಾತು, ತಳ್ಳಿಹಾಕುವುದಿಲ್ಲ. ಅದಕ್ಕೇ ಪರೀಕ್ಷೆ ಮೊದಲು, ದುಡ್ಡು ಆಮೇಲೆ. ಆದರೆ "ಸ್ಪ್ರಿಂಗರ್" ಅಂದ ಕೂಡಲೇ ಬೇಡ ಅನ್ನುವುದು, ದೊಡ್ಡ ಹೆಸರು ಕೇಳಿದ ಕೂಡಲೇ ಪರೀಕ್ಷೆ ಇಲ್ಲದೆ ಕೊಳ್ಳುವುದು, ಎರಡೂ ಒಂದೇ ತಪ್ಪು. ದುಬಾರಿ ಯಾರ್ಡಿನ ಬೋಟಿನಲ್ಲೂ ಎಂಜಿನ್ ಕೆಳಗೆ ವರ್ಷಗಟ್ಟಲೆ ನೀರು ನಿಂತು ಒಳಗಿಂದಲೇ ತೂತಾದದ್ದನ್ನು ನಾನೇ ಬೆಸೆದಿದ್ದೇನೆ.

ದಂಡೆಮೇಲೆ:
ಇನ್ನೊಂದು ಗೊಂದಲವೂ ಇದೆ. ಕ್ಯಾಬಿನ್ ಪಕ್ಕದಲ್ಲಿ ಬರೆದ ಕಂಪನಿಯೇ ಮೈ ಕಟ್ಟಿತು ಅಂತ ತಿಳಿಯಬೇಡಿ. 1970ರ ದಶಕದಿಂದ ಈ ಕೆಲಸ ಎರಡು ಭಾಗವಾಯಿತು. ಒಬ್ಬರು ಬರೀ ಸ್ಟೀಲ್ ಶೆಲ್, ಅಂದರೆ ಒಳಗೆಲಸ ಇಲ್ಲದ ಖಾಲಿ ಬೋಟ್, ಮಾಡುತ್ತಾರೆ, ಇನ್ನೊಬ್ಬರು ಒಳಗೆ ಮರಗೆಲಸ, ಅಡುಗೆಮನೆ, ವೈರಿಂಗ್ ಮಾಡಿ ತಮ್ಮ ಹೆಸರು ಹಾಕುತ್ತಾರೆ. ಹ್ಯಾನ್‌ಕಾಕ್ ಅಂಡ್ ಲೇನ್ ಶೆಲ್ ಕೊಂಡು ಮನೆಯವರೇ ವಾರಾಂತ್ಯಗಳಲ್ಲಿ ಒಳಗೆಲಸ ಮುಗಿಸಿದ ಬೋಟ್‌ಗಳು ಎಷ್ಟೋ ಇವೆ. ಒಳಗಿನ ಚೆಂದದ ಓಕ್ ನೋಡಿ ಮೈಗೆ ಅಂಕ ಕೊಡಬಾರದು. ಎರಡು ಹೆಸರೂ ಕೇಳಿ ತಿಳಿದುಕೊಳ್ಳಿ.

ಮುಂಗಡ_ಹೋಯ್ತು:
ಸಣ್ಣ ಯಾರ್ಡಿಗೆ ಆರ್ಡರ್ ಕೊಡುವವರು ನನ್ನ ಕಥೆಯನ್ನೂ ಕೇಳಬೇಕು. ಹೆಸರು ಹೇಳುವುದಿಲ್ಲ. ಒಳ್ಳೆ ಕೆಲಸಗಾರ, ಕೈ ನಿಜಕ್ಕೂ ಚಿನ್ನ. ವ್ಯವಹಾರ ಮಾತ್ರ ಬರುತ್ತಿರಲಿಲ್ಲ. ಒಬ್ಬರ ಮುಂಗಡದಲ್ಲಿ ಇನ್ನೊಬ್ಬರ ತಗಡು ಕೊಳ್ಳುತ್ತಿದ್ದ. ಒಂದು ದಿನ ಬಾಗಿಲು ಮುಚ್ಚಿತು. ಅರ್ಧ ಕಟ್ಟಿದ ಶೆಲ್ ಒಳಗಿತ್ತು, ಅದು ನಮ್ಮದು ಅಂತ ಹೇಳುವ ಒಂದು ಸಾಲೂ ಕರಾರಿನಲ್ಲಿ ಇರಲಿಲ್ಲ. ಯಾರ್ಡಿನಿಂದ ದುಡ್ಡು ಬರಬೇಕಾದವರ ಸಾಲಿನಲ್ಲಿ ನಾವು ಕೊನೆಯವರು. ನನ್ನ ಹೆಂಡತಿ ಆ ಬೋಟಿಗೆ 'ಶರಾವತಿ' ಅಂತ ಹೆಸರೂ ಇಟ್ಟಿದ್ದಳು.

ಪ್ರತಿ ಕಂತಿಗೆ ಆಗುವ ಕೆಲಸ ಬರೆದಿರಲಿ. ಕಂತು ಕಟ್ಟಿದಂತೆ ತಗಡು, ಎಂಜಿನ್, ಮೈ ನಿಮ್ಮ ಹೆಸರಿಗೆ ಬರುತ್ತದೆ ಅಂತ ಕರಾರಿನಲ್ಲಿರಲಿ. ಮುಂದಿನ ಕಂತಿಗೆ ಮೊದಲು ಹೋಗಿ ಕಣ್ಣಾರೆ ನೋಡಿ, ಫೋಟೋ ತೆಗೆದುಕೊಳ್ಳಿ. ಕಟ್ಟುವವರಿಗೆ ಬೇಜಾರಾಗುತ್ತೆ ಅಂತ ನಾವು ಸುಮ್ನೆ ಇದ್ದೆವು.

ಜೋಶರ್:
ಓದಿ ಮನಸ್ಸಿಗೆ ಕಷ್ಟವಾಯಿತು. ಇದು ಅಪರೂಪವೂ ಅಲ್ಲ. ಕೈಕೆಲಸಕ್ಕೆ ಬರುವ ಹೆಸರು ಬೇರೆ, ಲೆಕ್ಕಪತ್ರಕ್ಕೆ ಬರುವ ಹೆಸರು ಬೇರೆ. ಎರಡನ್ನೂ ವಿಚಾರಿಸಬೇಕು.

ಕೀನ್ಸ್_ಮಲ್ಲಿಗೆ:
ಎಲ್ಲರಿಗೂ ಧನ್ಯವಾದ. ಸರ್ವೇಗೆ ದಿನ ಗೊತ್ತು ಮಾಡಿದ್ದೇವೆ. ಒಂದು ಅನುಮಾನ ಉಳಿದಿದೆ. ಮಾರುವವರು "ಸ್ಪ್ರಿಂಗರ್" ಅಂತಾರೆ, ಆದರೆ ಕಾಗದ ಏನೂ ಇಲ್ಲ. ಕಟ್ಟಿದ್ದು ಯಾರು ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ದಾಖಲೆಪ್ರಿಯೆ:
ಇದು ನನ್ನ ಕ್ಷೇತ್ರ! ಬೋಟಿನ ವಯಸ್ಸಿನ ಮೇಲೆ ಹೋಗುತ್ತದೆ.

1998ರ ಜೂನ್ ನಂತರದ್ದಾದರೆ ಸುಲಭ. ಯುರೋಪಿನ ನಿಯಮದ ಪ್ರಕಾರ ಮೈಮೇಲೆ ಒಂದು ಗುರುತಿನ ಸಂಖ್ಯೆ ಇರಬೇಕು, ಅದರಲ್ಲಿ ಕಟ್ಟಿದವರ ಸಂಕೇತವೂ ಇರುತ್ತದೆ.

ಸರಕು ಬೋಟ್‌ಗಳ ಕಾಲದ್ದಾದರೆ ವಿಚಿತ್ರವಾಗಿ ಇನ್ನೂ ಸುಲಭ. 1877ರ ಕಾಲುವೆ ಬೋಟ್ ಕಾಯ್ದೆಯ ಪ್ರಕಾರ ಜನ ವಾಸಿಸುವ ಬೋಟ್‌ಗಳನ್ನು ಸ್ಥಳೀಯ ಆಡಳಿತದಲ್ಲಿ ನೋಂದಾಯಿಸಬೇಕಿತ್ತು. ಬೋಟಿನ ಹೆಸರು, ಮಾಲೀಕ, ಕ್ಯಾಬಿನ್ನಿನ ಅಳತೆ ಎಲ್ಲ ಪುಸ್ತಕಕ್ಕೆ ಏರುತ್ತಿತ್ತು. ಇನ್ನೊಂದು ಗೇಜಿಂಗ್ ಪಟ್ಟಿ. ಸುಂಕ ಹಾಕಲು ಖಾಲಿ ಬೋಟಿಗೆ ಗೊತ್ತಿರುವ ತೂಕ ಹೇರುತ್ತಾ, ಎಷ್ಟು ಮುಳುಗಿತು ಅಂತ ಅಳೆದು ಬರೆಯುತ್ತಿದ್ದರು. ಇಂಥ ಪುಸ್ತಕಗಳು ಎಲ್ಸ್‌ಮಿಯರ್ ಪೋರ್ಟ್ ಮತ್ತು ಕೌಂಟಿ ದಾಖಲೆ ಕೊಠಡಿಗಳಲ್ಲಿವೆ. ಬಡವರ ಬೋಟ್ ಬಗ್ಗೆ ಇಷ್ಟು ಬರೆದಿಟ್ಟಿದ್ದು ನೋಡಿದರೆ ಖುಷಿಯಾಗುತ್ತದೆ.

ಕಷ್ಟ ಇರುವುದು ನಿಮ್ಮ ಕಾಲದ ಬೋಟಿಗೆ, ಅಂದರೆ 1960ರಿಂದ 1998ರ ನಡುವೆ. ಲೈಸೆನ್ಸ್ ಫಾರಂನಲ್ಲಿ ಮಾಲೀಕ ಬರೆದುಕೊಟ್ಟದ್ದೇ ಎಷ್ಟೋ ಸಲ ದಾಖಲೆ. ಅವನಿಗೆ ಹಿಂದಿನವನು ಹೇಳಿದ್ದು. ಯಾರ್ಡ್ ಮುಚ್ಚಿದಾಗ ಅವರ ಪುಸ್ತಕಗಳೂ ಹೋದವು. ಹೀಗಾಗಿ ಹೆಸರು ಮಾಡಿದ ಯಾರ್ಡಿಗೆ ಅವರದಲ್ಲದ ಬೋಟ್‌ಗಳೂ ಸೇರಿಕೊಂಡಿವೆ, ಕೆಟ್ಟ ಹೆಸರಿನವರಿಗೂ ಅಷ್ಟೇ.

ವೆಲ್ಡರ್_ಶಿವಮೊಗ್ಗ:
ಹಾಗಾದರೆ ಬೋಟನ್ನೇ ಓದಬೇಕು. ಮೇಲೆತ್ತಿದ ದಿನ ತಳ ನೋಡಿ. ಚಪ್ಪಟೆ ಇದ್ದರೆ ಅನುಮಾನ ಪಡಿ, 'ವಿ' ಇದ್ದರೆ ಸ್ಪ್ರಿಂಗರ್ ಆಗಿರುವ ಸಾಧ್ಯತೆ ಜಾಸ್ತಿ. ಮುಂಭಾಗ ಮತ್ತು ಹಿಂಭಾಗದ ಫೋಟೋ ಹಾಕಿ, ತಗಡಿನ ಜೋಡಣೆ ಎಲ್ಲೆಲ್ಲಿ ಬಂದಿದೆ ಅಂತ ಕಾಣುವ ಹಾಗೆ ತೆಗೆಯಿರಿ.

ದಾಖಲೆಪ್ರಿಯೆ:
ಹಳೆ ಮಾಲೀಕರ ಹೆಸರು ಸಿಕ್ಕರೆ ಮೊದಲ ಬಿಲ್ ಇದೆಯಾ ಅಂತ ಕೇಳಿ. ಕೆಲವರು ಎಂಜಿನ್ ಕೈಪಿಡಿಯ ಜೊತೆ ಅದನ್ನೂ ಒಂದು ಡಬ್ಬದಲ್ಲಿ ಇಟ್ಟಿರುತ್ತಾರೆ, ಆ ಡಬ್ಬ ಬೋಟಿನ ಜೊತೆಗೇ ಕೈ ಬದಲಾಗುತ್ತಾ ಬಂದಿರುತ್ತದೆ. ಎಂಜಿನ್ ಪ್ಲೇಟಿನ ಸಂಖ್ಯೆಯನ್ನೂ ಬರೆದುಕೊಳ್ಳಿ. ಎಂಜಿನ್ ಮೂಲದ್ದೇ ಆಗಿದ್ದರೆ ಕಟ್ಟಿದ ವರ್ಷವಾದರೂ ಹತ್ತಿರಕ್ಕೆ ಬರುತ್ತದೆ.